ಚಾರ್ಟ್ ಮಿಸ್ಸು

ಬೆಳಿಗ್ಗೆ ಎಂಟೂಕಾಲರ ಕೆಂಪು ಬಸ್ಸಿಗೆ ಮೊದಲು ಹತ್ತುವುದು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಚಾರ್ಟುಗಳ ಕಟ್ಟು. ಅದರ ಹಿಂದೆ ಥರ್ಮಾಕೋಲಿನ ಜ್ವಾಲಾಮುಖಿ. ಕಡೆಯಲ್ಲಿ ಅವಳು. ಸೀರೆಯಲ್ಲಿ ನಡೆದು ಇನ್ನೂ ರೂಢಿಯಾಗಿಲ್ಲ. ಹೆಗಲ ಮೇಲೆ ಒಂದರ ಪಕ್ಕ ಒಂದು ಮೂರು ಪಿನ್ನು, ಸೊಂಟದ ಹತ್ತಿರ ಎಷ್ಟೋ ದೇವರೇ ಬಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಶೂನ್ಯ ದರದ ಟಿಕೆಟ್ ಕೊಟ್ಟ ಮೇಲೂ ಕಂಡಕ್ಟರು ಮುಂದಕ್ಕೆ ಹೋಗುವುದಿಲ್ಲ.

"ನಿಂಗೆ ಫ್ರೀ ಕಣಮ್ಮ. ಈ ಬೆಟ್ಟಕ್ಕೆ ಕೊಡೋರ್ಯಾರು?"

"ಅಣ್ಣಾ, ಇದು ಬೆಟ್ಟ ಅಲ್ಲ, ಪಾಠೋಪಕರಣ."

"ಏನಾರ ಆಗ್ಲಿ, ಸೀಟಿನ ಮೇಲೆ ಕೂತದಲ್ಲ. ತೊಡೆ ಮೇಲೆ ಇಟ್ಕೊ."

ಜ್ವಾಲಾಮುಖಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಾರ್ಟಿನ ತುದಿ ಮುಂದಿನ ಸೀಟಿನ ಯಜಮಾನರ ಕಿವಿಗೆ ತಾಗದಂತೆ ಹಿಡಿದುಕೊಂಡು, ತುಟಿಯಲ್ಲೇ ಏನನ್ನೋ ಉರು ಹೊಡೆಯುತ್ತಾ ಹೋಗುವ ಈ ಹುಡುಗಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿರುವವಳು. ಕಾಲೇಜಿನ ಕಡತದಲ್ಲಿ 'ಪ್ರಶಿಕ್ಷಣಾರ್ಥಿ', ಅಭ್ಯಾಸ ಶಾಲೆಯ ಮಕ್ಕಳ ಬಾಯಲ್ಲಿ 'ಚಾರ್ಟ್ ಮಿಸ್ಸು'. ಊರಿನವರಿಗೆ ಮಾತ್ರ ಇವತ್ತಿಗೂ 'ಟಿ.ಸಿ.ಎಚ್. ಓದೋ ಹುಡುಗಿ'. ಟಿ.ಸಿ.ಎಚ್. ಹೋಗಿ ಡಿ.ಇಡಿ. ಬಂದು, ಅದೂ ಹೋಗಿ ಡಿ.ಎಲ್.ಇಡಿ. ಬಂದ ಸುದ್ದಿ ಅರಳಿಕಟ್ಟೆಗೆ ಇನ್ನೂ ತಲುಪಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿಕೊಂಡವು. ಕೊಡಗಿನದು ಕೂಡಿಗೆಯಲ್ಲಿದೆ, ಬಾಗಲಕೋಟೆಯದು ಇಳಕಲ್ಲಿನಲ್ಲಿ, ಕಲಬುರಗಿಯದು ಕಮಲಾಪುರದಲ್ಲಿ. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಎಲ್ಲರಿಗೂ ಅದು 'ಡಯಟ್'. ಪಿಯುಸಿ ಮುಗಿಸಿದ ಮೊಮ್ಮಗಳು "ಡಯಟ್‌ಗೆ ಸೇರ್ಕೊತೀನಿ ಕಣಜ್ಜಿ" ಎಂದಾಗ ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದ್ಲೇ ಕಡ್ಡಿ ಹಂಗಿದೀಯ, ಇನ್ನೂ ಯಾಕವ್ವ?" ಅಂದಿದ್ದರು.

ಒಂದು ಕಾಲಕ್ಕೆ ಟಿ.ಸಿ.ಎಚ್. ಸೀಟು ಸಿಕ್ಕಿತೆಂದರೆ ಮನೆಯವರು ನೌಕರಿಯೇ ಸಿಕ್ಕಿತೆಂದು ಪೇಢ ಹಂಚುತ್ತಿದ್ದರು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಅಂಕಪಟ್ಟಿ ಕೇಳುತ್ತಿದ್ದರು. ಊರೂರಿಗೆ ಕಾಲೇಜು ಎದ್ದವು. ನೇಮಕಾತಿ ತೆಳ್ಳಗಾದ ಹಾಗೆ ಎಷ್ಟೋ ಕಾಲೇಜು ಬೀಗ ಹಾಕಿಕೊಂಡವು. ಆಮೇಲೆ 2018ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಬಿ.ಇಡಿ. ಆದವರೂ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಹುದು ಅಂದಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಆಗದು ಅಂದಿತು. ಅವತ್ತಿನಿಂದ ಬಿ.ಇಡಿ. ಮಾಡಿದ ದೊಡ್ಡಪ್ಪನ ಮಗಳ ಎದುರು ನಮ್ಮ ಹುಡುಗಿ ಸ್ವಲ್ಪ ನೆಟ್ಟಗೆ ಕೂರುತ್ತಾಳೆ.

ಮಗುವಿನ ಮನಸ್ಸನ್ನು ಅರಿಯುವುದು ತರಬೇತಿಯ ಮೊದಲ ಮೆಟ್ಟಿಲು. ಹಾಗೆಂದು ನಂಬಿ ನೋಟ್‌ಬುಕ್ ತೆರೆದವಳಿಗೆ ಮೊದಲು ಎದುರಾದದ್ದು ಪಾವ್‌ಲಾವ್‌ನ ನಾಯಿ. ಗಂಟೆ ಸದ್ದಿಗೆ ಜೊಲ್ಲು ಸುರಿಸುತ್ತಾ ನಿಂತಿತ್ತು. ಪುಟ ತಿರುವಿದರೆ ಥಾರ್ನ್‌ಡೈಕ್‌ನ ಬೆಕ್ಕು, ಪೆಟ್ಟಿಗೆಯ ಅಗುಳಿ ತೆಗೆಯಲು ಒದ್ದಾಡುತ್ತಿತ್ತು. ಮುಂದೆ ಸ್ಕಿನ್ನರನ ಇಲಿ, ಪಾರಿವಾಳ. ಕೊಹ್ಲರ್ ಸಾಕಿದ ಸುಲ್ತಾನ ಎಂಬ ಚಿಂಪಾಂಜಿ ಎರಡು ಕೋಲು ಜೋಡಿಸಿ ಬಾಳೆಹಣ್ಣು ಎಳೆದುಕೊಂಡದ್ದನ್ನು ಓದುವಾಗ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ಪುಟಗಳಲ್ಲಿ ಒಬ್ಬರಾದರೂ ಊಟ ಮಾಡಿದರಲ್ಲ ಎಂದು. ಪಿಯಾಜೆ ಬಂದ ಮೇಲಷ್ಟೇ ಪುಸ್ತಕದಲ್ಲಿ ಮನುಷ್ಯರ ಮಕ್ಕಳು ಕಾಣಿಸಿಕೊಂಡರು. ಅಷ್ಟರಲ್ಲಿ ಕಿರುಪರೀಕ್ಷೆ ಬಂದಿತ್ತು.

ಆಮೇಲೆ ಸೂಕ್ಷ್ಮಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಗಾರರು ರೂಪಿಸಿದ ವಿಧಾನ ಇದು. ಒಂದು ಸಲಕ್ಕೆ ಒಂದೇ ಕೌಶಲ ತಿದ್ದುವುದು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ, ಒಟ್ಟು 36 ನಿಮಿಷ. ಇದಕ್ಕೆ ಮಕ್ಕಳು ಬೇಕಿಲ್ಲ, ಸಹಪಾಠಿಗಳೇ ಮಕ್ಕಳಾಗುತ್ತಾರೆ. ಹುರಿ ಮೀಸೆಯ ಹುಡುಗನೊಬ್ಬ ಮೂರನೇ ತರಗತಿಯ ಮಗುವಾಗಿ ಕೈ ಕಟ್ಟಿ ಕೂರುತ್ತಾನೆ. "ಪುಟ್ಟಾ, ಹಸು ನಮಗೆ ಏನು ಕೊಡುತ್ತದೆ?" ಎಂದರೆ ತುಂಬುಗಂಟಲಿನಲ್ಲಿ "ಹಾಲು ಕೊಡುತ್ತದೆ ಮಿಸ್" ಅನ್ನುತ್ತಾನೆ. ಇಡೀ ವಾಕ್ಯ, ಒತ್ತಕ್ಷರ ಸಮೇತ. ಇವಳು "ಶಹಬ್ಬಾಸ್, ತುಂಬಾ ಚೆನ್ನಾಗಿ ಹೇಳಿದೆ" ಅನ್ನುತ್ತಾಳೆ. ಇದಕ್ಕೆ ಪುನರ್ಬಲನ ಕೌಶಲ ಎಂದು ಹೆಸರು. ಇಷ್ಟು ಒಳ್ಳೆಯ ಮಕ್ಕಳು ಅವಳಿಗೆ ಮುಂದೆಂದೂ ಸಿಗುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ರಜೆಯಲ್ಲಿ ಕೌಶಲ ಮನೆಗೂ ಬಂತು. ಒಳಗಿನಿಂದ ಅಮ್ಮ "ಸಕ್ಕರೆ ಮುಗೀತು ಕಣೇ" ಎಂದರೆ, "ಸರಿಯಾಗಿ ಗಮನಿಸಿದ್ದೀಯ ಅಮ್ಮ!" ತಮ್ಮ ಬಂದು "ಸಾರು ಏನಕ್ಕಾ?" ಎಂದು ಕೇಳಿದರೆ, "ಯೋಚಿಸಿ ಹೇಳು, ಬೆಳಿಗ್ಗೆ ಅಪ್ಪ ಹೊಲದಿಂದ ಏನು ತಂದರು?" ಅವನು ತಟ್ಟೆ ಎತ್ತಿಕೊಂಡು ಪಕ್ಕದ ಮನೆಯ ಚಿಕ್ಕಮ್ಮನಲ್ಲಿಗೆ ಹೋದ.

ಇನ್ನು ಪಾಠಯೋಜನೆ. ಹಗಲು ಸಾಲದೆ ರಾತ್ರಿ ಹಾಸ್ಟೆಲಿನ ನೆಲದ ಮೇಲೆ ಮಲಗಿಕೊಂಡು ಬರೆಯುವ ಗ್ರಂಥ ಅದು. ಮೊದಲಲ್ಲಿ ಜರ್ಮನಿಯ ಹರ್ಬಾರ್ಟ್‌ನ ಹೆಸರಿನ ಐದು ಸೋಪಾನ, ಹೊಸ ಪದ್ಧತಿಯವರಿಗೆ ತೊಡಗಿಸುವಿಕೆಯಿಂದ ಮೌಲ್ಯಮಾಪನದವರೆಗೆ ಇನ್ನೊಂದು ಐದು ಹಂತ. ಯಾವುದಾದರೂ ಅಷ್ಟೇ, ಐದಕ್ಕೆ ಕಡಿಮೆ ಇಲ್ಲ. ಉದ್ದೇಶಗಳನ್ನೆಲ್ಲ ಭವಿಷ್ಯತ್ ಕಾಲದಲ್ಲೇ ಬರೆಯಬೇಕು: 'ವಿದ್ಯಾರ್ಥಿಯು ಅರ್ಧವನ್ನು ಗುರುತಿಸುವನು. ವಿದ್ಯಾರ್ಥಿಯು ಕಾಲು ಮತ್ತು ಅರ್ಧದ ವ್ಯತ್ಯಾಸ ತಿಳಿಸುವನು.' ಯುಗಾದಿಯ ದಿನ ಪಂಚಾಂಗ ಓದುವ ಭಟ್ಟರು ಈ ಸಂವತ್ಸರದಲ್ಲಿ ಸುಭಿಕ್ಷೆಯಾಗುವುದು, ಮಳೆಯಾಗುವುದು ಅನ್ನುತ್ತಾರಲ್ಲ, ಅದೇ ಧಾಟಿ. ಭಟ್ಟರಿಗೆ ಮಳೆ ಬಾರದಿದ್ದರೆ ಯಾರೂ ಅಂಕ ಕಳೆಯುವುದಿಲ್ಲ.

ಆ ಗ್ರಂಥದ ಎಡಗಡೆ ಶಿಕ್ಷಕರ ಪ್ರಶ್ನೆ, ಬಲಗಡೆ ಮಕ್ಕಳ ಉತ್ತರ. ಮಕ್ಕಳ ಉತ್ತರವನ್ನೂ ಇವಳೇ ಹಿಂದಿನ ರಾತ್ರಿ ಬರೆದಿಟ್ಟಿರುತ್ತಾಳೆ. ಚಾರ್ಟ್ ಮಿಸ್ಸಿನ ಸಕಲ ಸಂಕಟಗಳ ಮೂಲ ಆ ಬಲಗಡೆಯ ಕಾಲಂ.

ವಿಮರ್ಶನ ಪಾಠದ ದಿನ ಅದು ಬಯಲಾಯಿತು. ಮಂಡ್ಯ ಸೀಮೆಯ ಶಾಲೆ, ನಾಲ್ಕನೇ ತರಗತಿ, ಗಣಿತ. ಹಿಂದಿನ ಬೆಂಚಿನಲ್ಲಿ ಕಾಲೇಜಿನ ಉಪನ್ಯಾಸಕರು. ಮಕ್ಕಳ ಬೆಂಚಾದ್ದರಿಂದ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಗೋಡೆಗುಂಟ ಹತ್ತು ಜನ ಸಹಪಾಠಿಗಳು ಅವಲೋಕನ ಪುಸ್ತಕ ಬಿಚ್ಚಿ ಕೂತಿದ್ದರು. ಆ ಹುರಿ ಮೀಸೆಯ ಪುಟ್ಟನೂ ಅವರೊಳಗಿದ್ದ. ರಟ್ಟಿನಲ್ಲಿ ದುಂಡಗೆ ಕತ್ತರಿಸಿ, ಕಂದು ಬಣ್ಣದ ಚುಕ್ಕಿ ಇಟ್ಟ ರೊಟ್ಟಿ ಮೇಜಿನ ಮೇಲೆ ಸಿದ್ಧವಾಗಿತ್ತು.

"ಮಕ್ಕಳೇ, ನಿಮ್ಮ ಮನೆಯಲ್ಲಿ ಊಟಕ್ಕೆ ಏನು ಮಾಡುತ್ತಾರೆ?"

ಬಲಗಡೆಯ ಕಾಲಂ: ರೊಟ್ಟಿ.

"ಮುದ್ದೆ ಮಿಸ್!" ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು.

"ಮುದ್ದೆ ಬಿಟ್ಟು ಇನ್ನೇನು?"

"ಬಸ್ಸಾರು ಮಿಸ್!"

ಕಿಟಕಿಯ ಕಡೆಯಿಂದ "ಸೋಮವಾರ ಮಾತ್ರ ಅನ್ನ" ಎಂದು ತಿದ್ದುಪಡಿ ಬಂತು. ರಟ್ಟಿನ ರೊಟ್ಟಿಯನ್ನು ಬೆನ್ನ ಹಿಂದೆ ಹಿಡಿದಿದ್ದವಳ ಕೈ ಬೆವರಿತು. ಆದರೂ ತರಬೇತಿ ಸುಮ್ಮನೆ ಹೋಗುತ್ತದೆಯೇ? ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಸೂತ್ರ ನೆನಪಾಗಿ, ಮುದ್ದೆಯ ಮೇಲೆಯೇ ಸವಾರಿ ಹೊರಟಳು.

"ಸರಿ. ಒಂದು ಮುದ್ದೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು ಸಿಗುತ್ತದೆ?"

ಮೊದಲ ಸಾಲಿನ ಜಡೆ ಹುಡುಗಿ ಎದ್ದು ನಿಂತಳು. ಮುಖದಲ್ಲಿ ನಿಜವಾದ ಕಳಕಳಿ. "ಯಾಕ್ ಮಿಸ್, ಹಿಟ್ಟು ಕಮ್ಮಿ ಇದ್ದದ?"

ಹಿಂದಿನ ಬೆಂಚಿನಲ್ಲಿ ಪೆನ್ನು ಓಡಿತು.

ಕೊನೆಯ ಪೀಠಿಕಾ ಪ್ರಶ್ನೆ ಬಾಕಿ ಇತ್ತು. ಇದನ್ನು ಸಮಸ್ಯಾತ್ಮಕ ಪ್ರಶ್ನೆ ಅನ್ನುತ್ತಾರೆ. ಇದಕ್ಕೆ ಮಕ್ಕಳಿಗೆ ಉತ್ತರ ಗೊತ್ತಿರಬಾರದು. ಅವರು ಮೌನವಾಗಬೇಕು, ಆ ಮೌನವನ್ನು ಹಿಡಿದುಕೊಂಡು ಶಿಕ್ಷಕಿ "ಹಾಗಾದರೆ ಮಕ್ಕಳೇ, ಇಂದು ನಾವು ಭಿನ್ನರಾಶಿಯ ಬಗ್ಗೆ ಕಲಿಯೋಣ" ಎಂದು ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆಯಬೇಕು. ಬಲಗಡೆಯ ಕಾಲಮ್ಮಿನಲ್ಲಿ ಆವರಣ ಹಾಕಿ '(ಮಕ್ಕಳು ಮೌನವಾಗಿರುವರು)' ಎಂದು ಬರೆದಿತ್ತು.

"ಅರ್ಧವನ್ನು ಅಂಕಿಯಲ್ಲಿ ಹೇಗೆ ಬರೆಯುತ್ತೀರಿ?"

"ಒನ್ ಬೈ ಟೂ ಮಿಸ್!" ಬಾಗಿಲ ಪಕ್ಕದ ಹುಡುಗ ಕೈ ಎತ್ತದೆಯೇ ಕೂಗಿದ. "ನಮ್ಮಪ್ಪ ಹೋಟ್ಲಲ್ಲಿ ಟೀ ಹಂಗೇ ಹೇಳದು. ಮೇಲೆ ಒಂದು, ಕೆಳಗೆ ಎರಡು. ಬಿಲ್ಲಲ್ಲಿ ಹಂಗೇ ಬರ್ದಿರ್ತಾರೆ."

ಎರಡು ವರ್ಷದ ತರಬೇತಿಯಲ್ಲಿ ಸರಿಯುತ್ತರ ಬಂದರೆ ಏನು ಮಾಡಬೇಕೆಂದು ಕಲಿಸಿದ್ದರು, ತಪ್ಪುತ್ತರ ಬಂದರೆ ಏನು ಮಾಡಬೇಕೆಂದೂ ಕಲಿಸಿದ್ದರು. ಮೌನ ಬರಬೇಕಾದಲ್ಲಿ ಸರಿಯುತ್ತರ ಬಂದರೆ ಏನು ಮಾಡಬೇಕೆಂದು ಯಾವ ಪುಟದಲ್ಲೂ ಇರಲಿಲ್ಲ. ಅವಳು ರೊಟ್ಟಿಯನ್ನು ಮೇಜಿನ ಮೇಲಿಟ್ಟು "ಕೂತ್ಕೊ" ಅಂದಳು. ಶಹಬ್ಬಾಸ್ ಎನ್ನುವುದು ಮರೆತೇಹೋಯಿತು. ಅದಕ್ಕೊಂದು ಅಂಕ ಹೋಯಿತು. ಉಪನ್ಯಾಸಕರ ಷರಾ ಹೀಗಿತ್ತು: 'ಸಮಸ್ಯಾತ್ಮಕ ಪ್ರಶ್ನೆಗೆ ವಿದ್ಯಾರ್ಥಿಯು ಉತ್ತರಿಸಿದನು. ಪೀಠಿಕೆ ಸುಧಾರಿಸಬೇಕು. ಕಪ್ಪುಹಲಗೆಗೆ ಓರೆಯಾಗಿ ನಿಲ್ಲಲಿಲ್ಲ. ಪಾಠೋಪಕರಣ ಅಂದವಾಗಿದೆ.'

ನಲಿ-ಕಲಿ ಕೊಠಡಿಯಲ್ಲಿ ಇನ್ನೊಂದು ಬಗೆ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುಮಾಡಿದ ಪದ್ಧತಿ ಅದು; ಈಗ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಇದೆ. ಅಲ್ಲಿ ಬೆಂಚಿಲ್ಲ. ಮಕ್ಕಳು ದುಂಡಗೆ ಕೂರುತ್ತಾರೆ, ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರದಲ್ಲಿ ಅವರೇ ಬಿಡಿಸಿದ ಚಿತ್ರ. ನಮ್ಮವಳು ಅಕ್ಕರೆಯಿಂದ ಅ ಅಗಸ, ಆ ಆನೆ ಎಂದು ಬರೆದ ಚಾರ್ಟು ನೇತುಹಾಕಿ ಕಡ್ಡಿ ಎತ್ತಿದಳು. ಒಂದನೇ ತರಗತಿಯ ಗೇಣುದ್ದದ ಹುಡುಗಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದು ನಿಂತಳು.

"ಮಿಸ್, ಅ ಮೊದ್ಲು ಬರಲ್ಲ."

"ಮತ್ತೆ?"

"ರ ಗ ಸ ದ ಅ. ಆಮೇಲೆ ಜ ವ ಮ ಬ ನ. ನಿಮ್ಗೆ ಕಾರ್ಡು ತೋರಿಸ್ಲಾ?"

ಮಾತು ನಿಜವೇ. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಒದಗುವ ಅಕ್ಷರಗಳು ಅಲ್ಲಿ ಮೊದಲು. ಐದೇ ಅಕ್ಷರದಲ್ಲಿ ಸರ, ಅರಸ, ದಸರ, ಗರಗಸ ಎಲ್ಲ ಆಗುತ್ತದೆ. ಮಗು ಕಲಿಕಾ ಏಣಿಯ ಹತ್ತಿರ ಕೈಹಿಡಿದು ಕರೆದುಕೊಂಡು ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತೋರಿಸಿತು. ಮೇಲೆ ನೋಡಿ, "ನೀವು ಯಾವ್ದ್ರಲ್ಲಿ ಇದೀರಿ?" ಎಂದೂ ವಿಚಾರಿಸಿತು.

ಶಾಲಾನುಭವಕ್ಕೆಂದು ತಿಂಗಳುಗಟ್ಟಲೆ ಆ ಮುದ್ದೆಯ ಶಾಲೆಯಲ್ಲೇ ಇರುವ ಕಾಲ ಬಂದಾಗ ಮುಖ್ಯಶಿಕ್ಷಕರಿಗೆ ಆದ ಆನಂದ ಹೇಳತೀರದು. "ಬಂದ್ರಾ ತಾಯಿ? ನಾನು ಬಿಇಒ ಆಫೀಸಿಗೆ ಹೋಗಿ ಬಂದ್ಬಿಡ್ತೀನಿ, ಒಂದು ಗಳಿಗೆ." ಆ ಗಳಿಗೆ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಪಾಪ, ಅವರದೂ ತಪ್ಪಲ್ಲ. ಇಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಒಬ್ಬರು ಯಾವಾಗಲೂ ಮಾಹಿತಿ ಕೊಡಲು ಹೋಗಿರುತ್ತಾರೆ. 2013ರಿಂದ ಬಂದಿರುವ ಕ್ಷೀರಭಾಗ್ಯದ ಹಾಲಿನ ಪುಡಿಯನ್ನು ಗಂಟಾಗದಂತೆ ಕಲಕುವುದು, ಮೊಟ್ಟೆ ಎಷ್ಟು ಜನಕ್ಕೆ ಬಾಳೆಹಣ್ಣು ಎಷ್ಟು ಜನಕ್ಕೆ ಎಂದು ಪಟ್ಟಿ ಮಾಡುವುದು, ಉಚ್ಚೆಗೆ ಹೋದವನು ಹುಣಸೆಮರ ಹತ್ತಿದ್ದರೆ ಇಳಿಸುವುದು, ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ಜೋಪಾನ ಮಾಡಿ ಅಮ್ಮನಿಗೆ ಕೊಡು ಎಂದು ಕಳಿಸುವುದು. ಒಂದಕ್ಕೂ ಪಾಠಯೋಜನೆ ಬರೆದಿರಲಿಲ್ಲ. ನಾಲ್ಕನೇ ವಾರಕ್ಕೆ ಸೀರೆಯ ಪಿನ್ನು ಎರಡಕ್ಕಿಳಿಯಿತು. ಬೋರ್ಡಿಗೆ ಓರೆಯಾಗಿ ನಿಲ್ಲುವುದು ತಾನಾಗಿಯೇ ಬಂತು, ತಿರುಗಿ ನಿಂತರೆ ಹಿಂದೆ ಯಾರು ಯಾರ ಜಡೆ ಎಳೆಯುತ್ತಾರೋ ಎಂಬ ಭಯಕ್ಕೆ.

ಕೊನೆಯ ದಿನ ಮಕ್ಕಳು ಎರಡು ಪೆನ್ನು, ಒಂದು ಕಡಲೆಮಿಠಾಯಿ, ಕನಕಾಂಬರದ ಮೊಳದುದ್ದದ ದಂಡೆ ತಂದುಕೊಟ್ಟರು. ಬೈಟೂ ಹುಡುಗ ಮಾತ್ರ ಕೈಬೀಸಿಕೊಂಡು ಬಂದಿದ್ದ.

"ಮಿಸ್, ನಿಮ್ಮ ಚಾರ್ಟು ನಮ್ಗೆ ಕೊಟ್ಟೋಗ್ರಿ. ಪುಸ್ತಕಕ್ಕೆ ಬೈಂಡ್ ಹಾಕ್ಕೋತೀವಿ. ಗಟ್ಟಿ ಪೇಪರ್ರು."

ಮೂರು ರಾತ್ರಿ ನಿದ್ದೆಗೆಟ್ಟು ಬರೆದ ಜಲಚಕ್ರ ಕತ್ತರಿಗೆ ಸಿಕ್ಕಿತು. ಗಣಿತದ ಪುಸ್ತಕಕ್ಕೆ ಸೂರ್ಯ ಹೋದ, ಕನ್ನಡಕ್ಕೆ ಮೋಡ, ಜಡೆ ಹುಡುಗಿಯ ಪರಿಸರ ಅಧ್ಯಯನಕ್ಕೆ ಅರ್ಧ ಸಮುದ್ರ. ಉಳಿದ ಅರ್ಧ ತನಗೆ ಬೇಕೆಂದು ಇಬ್ಬರು ಜಗಳವಾಡಿದರು. ಅದನ್ನು ಹೇಗೆ ಹಂಚಿಕೊಟ್ಟಳೆಂಬುದು ಅವಲೋಕನ ಪುಸ್ತಕದಲ್ಲಿ ದಾಖಲಾಗಿಲ್ಲ, ಯಾರೂ ನೋಡುತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರು. "ಏನಮ್ಮ, ಬೆಟ್ಟ ಇಳಿಸ್ಬಿಟ್ಯಾ?" ಎಂದು ನಕ್ಕು ಟಿಕೆಟ್ ಕೊಟ್ಟ. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಬ್ಯಾಗಿನಿಂದ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ, ಇಟ್ಟಿಗೆ ಗಾತ್ರದ ಗೈಡು ಹೊರಗೆ ಬಂತು. 150 ಪ್ರಶ್ನೆ, ಎರಡೂವರೆ ಗಂಟೆ, ಸಾಮಾನ್ಯ ವರ್ಗದವರಿಗೆ 90 ಅಂಕ ಬಂದರೆ ಪಾಸು. ಪಾಸಾದ ಮೇಲೆ ನೇಮಕಾತಿಗೆ ಕಾಯುವುದು. ಮಕ್ಕಳ ಮನೋವಿಜ್ಞಾನದ ಮೊದಲ ಪುಟ ತೆರೆದಳು. ಥಾರ್ನ್‌ಡೈಕ್ ಪೆಟ್ಟಿಗೆಯ ಪ್ರಯೋಗ ನಡೆಸಿದ್ದು ಯಾವುದರ ಮೇಲೆ? ನಾಯಿ, ಇಲಿ, ಬೆಕ್ಕು, ಚಿಂಪಾಂಜಿ.

"ಬೆಕ್ಕು!" ಅವಳು ಗಟ್ಟಿಯಾಗಿಯೇ ಅಂದುಬಿಟ್ಟಳು.

ಪಕ್ಕದ ಸೀಟಿನ ಹೆಂಗಸು ತಟಕ್ಕನೆ ಎರಡೂ ಕಾಲು ಮೇಲೆತ್ತಿಕೊಂಡು, ಹಾಲಿನ ಕ್ಯಾನನ್ನು ಮಡಿಲಿಗೆ ಎಳೆದುಕೊಂಡು, ಸೀಟಿನ ಕೆಳಗೆ ಬಗ್ಗಿ ನೋಡತೊಡಗಿದಳು.