ಷಹನ ಅಜ್ಞಾತವಾಸ

ರಾಜ್ಯಭ್ರಷ್ಟರಾದ ಅರಸರು ವೇಷ ಮರೆಸಿಕೊಂಡು ಅನ್ಯರ ಮನೆಯಲ್ಲಿ ಊಳಿಗ ಮಾಡಿದ ಕಥೆಗಳಿಗೆ ನಮ್ಮ ಪುರಾಣಗಳಲ್ಲಿ ಬರವಿಲ್ಲ. ನಳನು ಬಾಹುಕನೆಂಬ ಹೆಸರು ಧರಿಸಿ ಋತುಪರ್ಣನ ಕುದುರೆಗಳನ್ನು ಸಾಕಿದ. ಹರಿಶ್ಚಂದ್ರನು ಮಸಣದ ಬಾಗಿಲಲ್ಲಿ ನಿಂತು ಸುಂಕ ವಸೂಲು ಮಾಡಿದ. ಧರ್ಮರಾಯನಂತೂ, ಯಾವ ಆಟದಿಂದ ತನಗೆ ಆ ಗತಿ ಬಂದಿತೋ ಅದನ್ನೇ ಕಸುಬಾಗಿ ಮಾಡಿಕೊಂಡು, ಕಂಕಭಟ್ಟನಾಗಿ ವಿರಾಟನ ಎದುರಿಗೆ ಹಾಸನ್ನು ಬಿಚ್ಚಿ ಕುಳಿತ. ಆದರೆ ಇವರೆಲ್ಲರ ಕಷ್ಟಕ್ಕೂ ಒಂದು ಅವಧಿಯಿತ್ತು. ಅದು ತೀರಿದೊಡನೆ ಕಿರೀಟ ಮರಳಿ ಬಂತು. ಸುಮಾರು ಸಾವಿರ ವರ್ಷಗಳಿಂದ ವೇಷ ಕಳಚದೆ, ಬ್ಯಾಂಕಿನ ಕಿಟಕಿಯಲ್ಲಿಯೂ ಬಸ್ಸಿನ ಮೆಟ್ಟಿಲಿನ ಮೇಲೆಯೂ ವೈದ್ಯರ ಕೊಠಡಿಯಲ್ಲಿಯೂ ಸಂಬಳವಿಲ್ಲದೆ ದುಡಿಯುತ್ತಿರುವ ಅರಸನೊಬ್ಬನಿದ್ದಾನೆ. ಅವನ ಈಗಿನ ಹೆಸರು ‘ಚೆಕ್’.

ನಮ್ಮ ಚತುರಂಗವು ಸಿಂಧೂನದಿಯನ್ನು ದಾಟಿ ಪಾರಸೀಕರ ಬಾಯಲ್ಲಿ ಚತ್ರಂಗವಾಗಿ, ಅರಬರ ಬಾಯಲ್ಲಿ ಷತ್ರಂಜವಾಗಿ, ಅವರ ಮೂಲಕ ಯೂರೋಪಿಗೆ ಹೋದ ವಿಷಯವನ್ನು ವಾಚಕರು ಬಲ್ಲರು. ಆ ಪಾರಸೀಕರು ಮರ್ಯಾದಸ್ಥರು. ಎದುರಾಳಿಯ ಅರಸನ ಮೇಲೆ ಏರಿ ಹೋಗುವಾಗ ಸದ್ದಿಲ್ಲದೆ ಹೋಗುವುದು ಸಭ್ಯತೆಯಲ್ಲವೆಂದು ‘ಷಾಹ್!’ ಎಂದು, ಅಂದರೆ ‘ದೊರೆಯೇ, ಎಚ್ಚರಿಕೆ!’ ಎಂಬ ಅರ್ಥ ಬರುವಂತೆ, ಕೂಗಿ ಹೇಳುತ್ತಿದ್ದರು. ಈ ಷಾಹ್ ಶಬ್ದವು ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಗಿ, ಇಂಗ್ಲಿಷಿಗೆ ಬರುವಷ್ಟರಲ್ಲಿ ಮುಂಡಾಸನ್ನೂ ನಿಲುವಂಗಿಯನ್ನೂ ಕಳೆದುಕೊಂಡು ಬರಿಯ ‘ಚೆಕ್’ ಆಯಿತು. ಅದರ ಬಹುವಚನವೇ ಸವೆದು ‘ಚೆಸ್’ ಆಗಿ ಆಟಕ್ಕೆ ಹೆಸರಾಯಿತು. ‘ಷಾಹ್’ ಎಂಬುದು ನಮ್ಮ ‘ಕ್ಷತ್ರ’ ಶಬ್ದಕ್ಕೆ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರಾದುದರಿಂದ, ಗೋತ್ರ ಪ್ರವರ ವಿಚಾರಿಸುವವರಿಗೂ ಇವನ ಕುಲದ ವಿಷಯದಲ್ಲಿ ಸಂದೇಹ ಬೇಡ.

ಆಟದ ಕೊನೆಯ ಕೂಗಾದ ‘ಷಾಹ್ ಮಾತ್’ ಎಂಬುದಕ್ಕೆ ಅರಬ್ಬೀ ಬಲ್ಲವರು ‘ಅರಸು ಸತ್ತ’ ಎಂದು ಅರ್ಥ ಹೇಳುವುದುಂಟು. ಪಾರಸಿಯಲ್ಲಿ ಆ ಮಾತಿಗೆ, ಅರಸು ದಿಕ್ಕುಗೆಟ್ಟು ನಿಂತ ಎಂದಷ್ಟೇ ತಾತ್ಪರ್ಯವಂತೆ. ನನಗೆ ಎರಡನೆಯದೇ ಒಪ್ಪಿಗೆ. ಚದುರಂಗದಲ್ಲಿ ಆನೆ ಸಾಯುತ್ತದೆ, ಕುದುರೆ ಸಾಯುತ್ತದೆ, ಮಂತ್ರಿಯೂ ಸಾಯುತ್ತಾನೆ. ಅರಸನನ್ನು ಕೊಂದವರನ್ನು ನಾನು ಕಂಡಿಲ್ಲ. ಅವನು ಕೊನೆಯವರೆಗೂ ಹಲಗೆಯ ಮೇಲೆಯೇ, ಪಕ್ಕದ ಮನೆಗೂ ಕಾಲಿಡಲಾರದೆ, ನಿವೃತ್ತನಾದ ಅಮಲ್ದಾರನಂತೆ ನಿಂತಿರುತ್ತಾನೆ.

ಅರಸನಿಗೆ ಒದಗಿದ ಈ ಅಡಚಣೆಯಿಂದ ಇಂಗ್ಲಿಷರು ಎಲ್ಲ ಬಗೆಯ ಅಡ್ಡಿಗೂ ‘ಚೆಕ್’ ಎಂದರು. ಬೇಟೆಯ ನಾಯಿ ವಾಸನೆ ತಪ್ಪಿ ತಬ್ಬಿಬ್ಬಾಗಿ ನಿಂತರೆ ಚೆಕ್. ಸಾಕಿದ ಡೇಗೆಯು ಒಡೆಯ ತೋರಿಸಿದ ಹಕ್ಕಿಯನ್ನು ಬಿಟ್ಟು ಮತ್ತೊಂದರ ಬೆನ್ನು ಹತ್ತಿದರೆ ಅದೂ ಚೆಕ್. ಅಡ್ಡಗಟ್ಟುವುದರಿಂದ ತಡೆದು ವಿಚಾರಿಸುವುದಕ್ಕೂ, ವಿಚಾರಿಸುವುದರಿಂದ ಸಂಶಯಪಡುವುದಕ್ಕೂ ಬಹಳ ದೂರವಿಲ್ಲ. ಹೀಗೆ ಒಂದು ಕಾಲಕ್ಕೆ ಇತರರು ಅಂಜಿ ನಡೆಯುತ್ತಿದ್ದ ಮಹಾಪ್ರಭುವಿನ ಹೆಸರು, ಇತರರನ್ನು ನಂಬದಿರುವ ಕಾರಕೂನನ ಕೆಲಸಕ್ಕೆ ಬಂದು ನಿಂತಿತು.

ಅವನು ಕಾರಕೂನನಾದ ಸ್ಥಳವನ್ನು ಬೆರಳಿಟ್ಟು ತೋರಿಸಬಹುದು. 12ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜಾದಾಯದ ಲೆಕ್ಕವನ್ನು ಪರಿಶೋಧಿಸುವುದಕ್ಕಾಗಿ 10 ಅಡಿ ಉದ್ದ, 5 ಅಡಿ ಅಗಲದ ಒಂದು ಮೇಜಿತ್ತು. ಮೇಲಿಟ್ಟದ್ದು ಉರುಳಿ ಬೀಳದಂತೆ ಅದರ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆಗಳಿಂದ ಮನೆಮನೆಯಾಗಿ ವಿಭಾಗಿಸಿದ ಕರಿಯ ವಸ್ತ್ರ. ಆಗಿನ್ನೂ ಅವರಿಗೆ ನಮ್ಮ ಸೊನ್ನೆಯ ಸೌಕರ್ಯ ದೊರೆತಿರಲಿಲ್ಲವಾಗಿ, ರೋಮನ್ ಅಂಕಿಗಳನ್ನು ಕೂಡಿಸಿ ಕಳೆಯುವ ತಲೆನೋವಿಗೆ ಹೆದರಿ, ಒಂದು ಸಾಲಿನಲ್ಲಿ ಪೆನ್ನಿ, ಮುಂದಿನದರಲ್ಲಿ ಷಿಲ್ಲಿಂಗು, ಅದರಾಚೆಗೆ ಪೌಂಡು ಎಂದು ಬಿಲ್ಲೆಗಳನ್ನು ಇಟ್ಟು ಸರಿಸಿ ಲೆಕ್ಕ ಮಾಡುತ್ತಿದ್ದರು. ನೋಡುವುದಕ್ಕೆ ಸಾಕ್ಷಾತ್ ಚದುರಂಗದ ಹಾಸು. ಆದುದರಿಂದ ಆ ಕಚೇರಿಗೇ ‘ಎಕ್ಸ್‌ಚೆಕರ್’ ಎಂಬ ಹೆಸರು ನಿಂತಿತು. ಇಂದಿಗೂ ಬ್ರಿಟನ್ನಿನ ಅರ್ಥಸಚಿವರು ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ಆ ಬೊಕ್ಕಸದ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬಾತನು ಈ ವ್ಯವಹಾರವನ್ನು ಕುರಿತು ಲ್ಯಾಟಿನಿನಲ್ಲಿ ಒಂದು ಗ್ರಂಥವನ್ನೇ ರಚಿಸಿದ್ದಾನೆ. ಶಿಷ್ಯನು ಕೇಳುವುದು, ಗುರುವು ಹೇಳುವುದು, ಎಲ್ಲವೂ ನಮ್ಮ ಉಪನಿಷತ್ತುಗಳ ಕ್ರಮವೇ. ಜಿಜ್ಞಾಸೆ ಮಾತ್ರ ಬ್ರಹ್ಮದ ವಿಷಯವಾಗಿರದೆ ಬಾಕಿಯ ವಿಷಯವಾಗಿದೆ. ಈ ಹಾಸಿನ ಮೇಲೂ ಯುದ್ಧ ನಡೆಯುತ್ತದೆ, ಕಾದಾಡುವವರು ಖಜಾಂಚಿಯೂ ಜಿಲ್ಲೆಯಿಂದ ಲೆಕ್ಕ ಒಪ್ಪಿಸಲು ಬಂದ ಷೆರೀಫನೂ ಎಂದು ಗ್ರಂಥಕರ್ತನು ತಾನೇ ವಿವರಿಸಿದ್ದಾನೆ. ಎದುರು ಬೆಂಚಿನಲ್ಲಿ ಕುಳಿತ ಷೆರೀಫನು ತನ್ನ ಬಿಲ್ಲೆಗಳು ಒಂದೊಂದಾಗಿ ಸರಿದು ಹೋಗುವುದನ್ನು ಕಂಡು ಹಣೆ ಒರೆಸಿಕೊಂಡಿರಬೇಕು. ಜಮಾಬಂದಿಯ ದಿನ ನಮ್ಮ ಶಾನುಭೋಗರ ಮುಖ ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಹಣ ಸಂದದ್ದಕ್ಕೆ ಅಲ್ಲಿ ರಸೀತಿಯೆಂದರೆ ಕಡ್ಡಿ. ಮೊತ್ತಕ್ಕೆ ತಕ್ಕಂತೆ ಕಚ್ಚು ಹೊಡೆದು, ಉದ್ದಕ್ಕೆ ಸೀಳಿ, ಎರಡು ಕಡೆಯವರೂ ಒಂದೊಂದು ಹೋಳನ್ನು ಇಟ್ಟುಕೊಳ್ಳುವುದು. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಈ ಪದ್ಧತಿಯನ್ನು ಇಂಗ್ಲಿಷರು 1826ರವರೆಗೂ ಬಿಡಲಿಲ್ಲ. ಬಿಟ್ಟ ಮೇಲೆ, ರಾಶಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನು ಬಡಬಗ್ಗರಿಗೆ ಸೌದೆಗೆ ಕೊಡಬಹುದಾಗಿತ್ತು. ಹಾಗೆ ಮಾಡದೆ 1834ರ ಅಕ್ಟೋಬರ್ 16ರಂದು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗೆ ತುಂಬಿದರು. ಒಲೆ ಮಿತಿಮೀರಿ ಉರಿದು, ಪಾರ್ಲಿಮೆಂಟಿನ ಭವನವೇ ಆ ರಾತ್ರಿ ಭಸ್ಮವಾಯಿತು. ಹಳೆಯ ಲೆಕ್ಕವನ್ನು ಸುಟ್ಟುಹಾಕಬೇಕೆಂದು ಆಶಿಸಿದ ಅಧಿಕಾರಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಇಷ್ಟು ಪರಿಪೂರ್ಣವಾದ ಫಲ ಮತ್ತೆಲ್ಲಿಯೂ ಬಂದಂತೆ ಕಾಣೆ.

ಕಡ್ಡಿ ಹೋಗಿ ಕಾಗದ ಉಳಿಯಿತು. ಬ್ಯಾಂಕಿನ ಚೆಕ್ಕಿಗೆ ಆ ಹೆಸರು ಬಂದದ್ದು ಹಣ ಕೊಡಿಸುವ ಹಾಳೆಯಿಂದಲ್ಲ. ಮೋಸವನ್ನು ತಡೆಯುವುದಕ್ಕಾಗಿ ಹಿಂದುಳಿಯುತ್ತಿದ್ದ ಅಡಿಪ್ರತಿಯಿಂದ. ಇದನ್ನು ಬಲ್ಲೆನಾದುದರಿಂದ ನನ್ನ ತಂದೆಯವರು ಚೆಕ್ ಬರೆಯುತ್ತಿದ್ದ ರೀತಿ ನನಗೆ ಈಗ ಶಾಸ್ತ್ರಸಮ್ಮತವಾಗಿ ತೋರುತ್ತದೆ. ಅವರು ಮೊದಲು ಅಡಿಪ್ರತಿಯನ್ನು ತುಂಬುವರು. ಯಾರಿಗೆ, ಯಾವ ಬಾಬ್ತಿಗೆ, ಯಾರ ಒತ್ತಾಯಕ್ಕೆ ಎಂಬುದನ್ನೆಲ್ಲ ಸಣ್ಣ ಅಕ್ಷರಗಳಲ್ಲಿ ಕೂರಿಸುವರು. ಅನಂತರ ಹಾಳೆಗೆ ಬಂದು, ‘ರೂಪಾಯಿ ಇನ್ನೂರು ಮಾತ್ರ’ ಎಂದು ಬರೆದು, ಆ ‘ಮಾತ್ರ’ದ ಬಾಲ ಹಿಡಿದು ಹಾಳೆಯ ಅಂಚಿನವರೆಗೂ ಎರಡು ಗೆರೆ ಎಳೆದು, ಅದೂ ಸಾಲದೆಂದು ‘ರೂಪಾಯಿ’ಯ ಹಿಂದುಗಡೆಗೂ ಒಂದು ಗೆರೆ ಎಳೆಯುವರು. ಪಡೆಯುವವನು ಸ್ವಂತ ಅಳಿಯನಾದರೂ ಗೆರೆಗಳು ಒಂದಿಷ್ಟೂ ಮೋಟಾಗುತ್ತಿರಲಿಲ್ಲ. ಅವರ ಚೆಕ್ ತಿರುಗಿ ಬಂದದ್ದಿಲ್ಲ. ಎಲ್ಲರೂ ಅವರಂತಿರಲಿಲ್ಲವೆಂಬುದಕ್ಕೆ ಸರ್ಕಾರವೇ ಸಾಕ್ಷಿ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 1988ರಲ್ಲಿ ತಿದ್ದುಪಡಿ ತಂದು 138ನೆಯ ಕಲಮನ್ನು ಸೇರಿಸಿ, ಹಣವಿಲ್ಲದ ಖಾತೆಯ ಮೇಲೆ ಚೆಕ್ ಬರೆಯುವುದನ್ನು ಅಪರಾಧವಾಗಿ ಮಾಡಬೇಕಾಯಿತು. ಅಂದಿನಿಂದ ‘ಚೆಕ್ ಬೌನ್ಸ್’ ಎಂಬುದು ನಮ್ಮ ನ್ಯಾಯಾಲಯಗಳ ಜಗಲಿಯಲ್ಲಿ ಅಚ್ಚಗನ್ನಡದ ಮಾತು.

ಚೆಕ್ ಎಂಬುದನ್ನು ನಿಜವಾದ ಅರಸರೊಬ್ಬರು ಅನುಭವಿಸಿದ್ದನ್ನು ನೋಡಬೇಕಾದರೆ ನಾವು ಇರಾನಿಗೆ ಹೋಗಬೇಕಾಗಿಲ್ಲ, ಮೈಸೂರಿಗೆ ಹೋದರೆ ಸಾಕು. 1831ರಲ್ಲಿ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯದ ಆಡಳಿತವನ್ನು ತೆಗೆದುಕೊಂಡು ಕಮಿಷನರರ ವಶಕ್ಕೆ ಕೊಟ್ಟರು. ಅರಮನೆ ಇದೆ, ಆಸ್ಥಾನವಿದೆ, ನಡೆಯುವುದಕ್ಕೆ ಮನೆಯಿಲ್ಲ! ಮತ್ತೊಬ್ಬರಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದರು. ಒಡೆಯರಾದರೋ ಗ್ರಂಥಗಳನ್ನೂ ಹಲಗೆಯ ಆಟಗಳನ್ನೂ ಹಿಡಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಇಂಥ ಆಟಗಳಿಗೆ ಮೀಸಲು. ಚದುರಂಗದ ಕುದುರೆಯು ಅರುವತ್ತುನಾಲ್ಕು ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ತುಳಿಯದೆ ಸುತ್ತಿ ಬರುವ ಸಮಸ್ಯೆಯಲ್ಲಿ ಅವರು ತೋರಿಸಿದ ಕೌಶಲವನ್ನು ಚದುರಂಗದ ಚರಿತ್ರೆ ಬರೆದ ವಿದೇಶೀಯರೂ ಸ್ಮರಿಸಿದ್ದಾರೆ. ಕಮಿಷನರರು ರಾಜ್ಯದ ಕಡತಗಳನ್ನು ಚೆಕ್ ಮಾಡುತ್ತಿದ್ದ ಅದೇ ಹೊತ್ತಿಗೆ ಮಹಾರಾಜರು ಹಲಗೆಯ ಮೇಲೆ ಕುದುರೆ ಓಡಿಸುತ್ತಿದ್ದರೆಂದು ನೆನೆದರೆ, ಇಬ್ಬರಲ್ಲಿ ಯಾರು ಹೆಚ್ಚು ಸುಖವಾಗಿದ್ದರೆಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿಯುವುದಿಲ್ಲ.

ಆಂಗ್ಲರು ಬ್ಯಾಂಕಿನ ಚೆಕ್ಕಿಗೆ ಒಂದು ಕಾಗುಣಿತ, ಪರೀಕ್ಷೆಯ ಚೆಕ್ಕಿಗೆ ಮತ್ತೊಂದು ಎಂದು ಅಣ್ಣತಮ್ಮಂದಿರನ್ನು ಬೇರೆ ಹಾಕಿದ್ದರು. ಕನ್ನಡದ ಲಿಪಿಯು ಅವರಿಬ್ಬರನ್ನೂ ಒಂದೇ ಎಲೆಯಲ್ಲಿ ಕೂರಿಸಿತಲ್ಲದೆ, ನಂಟಿಲ್ಲದ ಮೂರನೆಯವನಿಗೂ ಪಕ್ಕದಲ್ಲಿ ಜಾಗ ಕೊಟ್ಟಿತು. ಚೆಕ್ ಗಣರಾಜ್ಯಕ್ಕೂ ಷಹನಿಗೂ ಯಾವ ಸಂಬಂಧವೂ ಇಲ್ಲ. ಇನ್ನು ಚೆಕ್ಸ್ ಅಂಗಿಯೂ ಚೆಕ್ಸ್ ಲುಂಗಿಯೂ, ಹಾಸಿನ ಚೌಕಗಳಿಂದ ಹುಟ್ಟಿದವಾದುದರಿಂದ, ರಾಜವಂಶೀಯವೇ. ಹಳ್ಳದ ನೀರಿಗೆ ಅಡ್ಡ ಹಾಕಿದ ಚೆಕ್ ಡ್ಯಾಮಿನದೂ ಅದೇ ವಂಶ. ಮಳೆ ಇಲ್ಲದ ವರ್ಷ ಅದೂ ರಾಜ್ಯವಿಲ್ಲದ ಅರಸನೇ.

ಬಸ್ಸಿಗೆ ಚೆಕಿಂಗಿನವರು ಹತ್ತಿದಾಗ ನೋಡಬೇಕು. ಹಿಂದಿನ ಬಾಗಿಲಲ್ಲಿ ಒಬ್ಬರು, ಮುಂದಿನ ಬಾಗಿಲಲ್ಲಿ ಒಬ್ಬರು. ಅದುವರೆಗೆ ರಾಜಕಾರಣ ಮಾತನಾಡುತ್ತಿದ್ದ ಬಸ್ಸಿಗೆ ಬಸ್ಸೇ ಮೌನ ವಹಿಸುತ್ತದೆ. ಟಿಕೆಟ್ಟು ಕೈಯಲ್ಲಿಯೇ ಇದ್ದವರಿಗೂ ಎದೆ ಹೊಡೆದುಕೊಳ್ಳುತ್ತದೆ. ಒಬ್ಬ ವೃದ್ಧರು ಜುಬ್ಬದ ಜೇಬು, ಒಳಜೇಬು, ಕನ್ನಡಕದ ಡಬ್ಬಿ, ಸಂಧ್ಯಾವಂದನೆಯ ಪುಸ್ತಕ ಎಲ್ಲವನ್ನೂ ಶೋಧಿಸಿ, ಕೊನೆಗೆ ಕೈಗಡಿಯಾರದ ಪಟ್ಟಿಯ ಕೆಳಗೆ ಸುರುಳಿಯಾಗಿದ್ದ ಟಿಕೆಟ್ಟನ್ನು ಪಕ್ಕದ ಹುಡುಗಿ ತೋರಿಸಿಕೊಟ್ಟಾಗ, ಮೋಕ್ಷ ಪಡೆದವರಂತೆ ಕಣ್ಣು ಮುಚ್ಚಿದರು. ಮನೆಗೆ ಬೀಗ ಹಾಕಿ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ‘ಗ್ಯಾಸು ಚೆಕ್ ಮಾಡಿದಿರಾ?’ ಎಂಬ ಪ್ರಶ್ನೆಗೆ ಮರಳಿ ಬರುವ ಗೃಹಸ್ಥರ ಪಾಡು ಬೇರೆ. ಪ್ರಾತಃಕಾಲದ ವಾಯುವಿಹಾರದಲ್ಲಂತೂ ನನ್ನ ವಯಸ್ಸಿನವರಿಗೆ ಬಿ.ಪಿ. ಚೆಕ್, ಷುಗರ್ ಚೆಕ್ ಅಲ್ಲದೆ ಬೇರೆ ಕುಶಲಪ್ರಶ್ನೆಯೇ ಇಲ್ಲ.

ಆದರೆ ಷಹನ ಹೆಸರನ್ನು ಇಂದಿಗೂ ಗಂಟಲೆತ್ತಿ, ಪಾರಸೀಕರ ರೀತಿಯಲ್ಲಿಯೇ ಕೂಗುವವನೆಂದರೆ ನಮ್ಮ ಧ್ವನಿವರ್ಧಕದ ಹುಡುಗ. ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ, ಭುವನೇಶ್ವರಿಯ ಪಟಕ್ಕೆ ಹಾರ ಬೀಳುವುದಕ್ಕೆ ಮುಂಚೆಯೇ, ‘ಚೆಕ್, ಚೆಕ್, ಮೈಕ್ ಚೆಕ್’ ಎಂಬ ಘೋಷವು ನಾಲ್ಕು ಬೀದಿಗಳಿಗೆ ಮುಟ್ಟಿತು. ಅಧ್ಯಕ್ಷರು ಇನ್ನೂ ಬಂದಿರಲಿಲ್ಲ, ನನಗೂ ಕೆಲಸವಿರಲಿಲ್ಲ. ವೇದಿಕೆಯ ಬಳಿ ಹೋಗಿ, ನೀನು ಕೂಗುತ್ತಿರುವುದು ಯಕಶ್ಚಿತ್ ಶಬ್ದವಲ್ಲವಪ್ಪಾ, ಪರ್ಷಿಯದ ಚಕ್ರವರ್ತಿಯ ಬಿರುದು ಎಂದು ಆರಂಭಿಸಿ, ಚತುರಂಗ, ಫ್ರಾನ್ಸು, ಕರಿಯ ವಸ್ತ್ರ ಎಲ್ಲವನ್ನೂ ಸವಿಸ್ತಾರವಾಗಿ ನಿರೂಪಿಸಿದೆ. ಹುಡುಗ ವಿನಯವಂತ. ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಎಲ್ಲವನ್ನೂ ಕೇಳಿದ. ಪಾರ್ಲಿಮೆಂಟು ಸುಟ್ಟು ಹೋದ ಪ್ರಸಂಗಕ್ಕೆ ನಾನು ಬಂದಾಗ ತಂತಿಯನ್ನು ಬಾಯಿಂದ ತೆಗೆದು, “ಸಾರ್, ಒಂಚೂರು ಆ ಕಡೆ ನಿಂತ್ಕೊಳ್ಳಿ, ಸ್ಪೀಕರ್ ಮುಂದೆ ನಿಂತ್ರೆ ಕುಯ್ ಅಂತದೆ” ಎಂದ.