ಅಬ್ಬಕ್ಕನ ಕಡೆಯೋ, ಅವರ ಕಡೆಯೋ?

ಮಗಳಿಗೆ ಮನೆಯಲ್ಲೇ ಪಾಠ ಅಂತ ನಿರ್ಧರಿಸಿದೆವು. ಗಣಿತಕ್ಕೆ ತಕರಾರಿಲ್ಲ, ಜಗಳವೆಲ್ಲ ಇತಿಹಾಸದ್ದೇ. ಬಾವ ಅಮೆರಿಕದಿಂದ ಕಳಿಸಿದ ಕ್ರೈಸ್ತ ಪಠ್ಯಪುಸ್ತಕ ಆದಾಮನಿಂದ ಹೊರಟು ನೇರ ಮೇಫ್ಲವರ್ ಹಡಗು ಹತ್ತುತ್ತದೆ, ನಮ್ಮೂರು ಮೂಡುಬಿದಿರೆಯಲ್ಲಿ ಇಳಿಯುವುದೇ ಇಲ್ಲ. 1430ರ ಸಾವಿರ ಕಂಬದ ಬಸದಿ ಕಣ್ಣೆದುರಿಗಿದ್ದರೂ ಅದಕ್ಕೆ ಕಾಣದು.

ಸರಿ, ಊರಿನದೇ ಪುಸ್ತಕ ತಂದೆ. ಉಳ್ಳಾಲದ ಅಬ್ಬಕ್ಕ ಚೌಟ ಪೋರ್ಚುಗೀಸರ ವಿರುದ್ಧ ಕಾದಾಡಿದ ಪುಟದಲ್ಲಿ ಮಗಳ ಬೆರಳು ನಿಂತಿತು.

"ಪಪ್ಪಾ, ನಮ್ಮ ಡಿಸೋಜ ಅನ್ನೋದು ಅವರದ್ದೇ ಹೆಸರಲ್ವಾ? ನಾವು ಯಾರ ಕಡೆ?"

ಚೌಟರ ಅರಮನೆ ಇರುವ ಊರಲ್ಲಿ ಕೂತು ಬೇರೇನು ಹೇಳಲಿ? "ಅಬ್ಬಕ್ಕನ ಕಡೆ" ಎಂದೆ.

ಅಡುಗೆಮನೆಯಿಂದ ಹೆಂಡತಿಯ ದನಿ: "ಹಾಗಾದರೆ ನಾಳೆಯಿಂದ ಮೆಣಸಿನಕಾಯಿ ಇಲ್ಲದ ಸಾರು. ಮೆಣಸಿನಕಾಯಿ ತಂದದ್ದು ಅವರೇ!"

ಇನ್ನು 1784ರಲ್ಲಿ ಟಿಪ್ಪು ನಮ್ಮವರನ್ನು, ಅಂದರೆ ಕರಾವಳಿಯ ಕ್ಯಾಥೊಲಿಕರನ್ನು, ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಪಾಠ. ಹೋದವರೆಷ್ಟು ಎಂಬುದು ಪುಸ್ತಕಕ್ಕೊಂದು ಲೆಕ್ಕ. ಅಜ್ಜಿಯದು ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಅಡಿಟಿಪ್ಪಣಿಯೂ ಇಲ್ಲ.

ಅಮೆರಿಕದ ಪುಸ್ತಕ ವ್ಯರ್ಥವಾಗಲಿಲ್ಲ ಅನ್ನಿ. ರಟ್ಟು ಗಟ್ಟಿ, ತೂಕವೂ ಹದ. ಹಲಸಿನ ಹಪ್ಪಳ ಒತ್ತಲು ಮಣೆಗಿಂತ ಅದೇ ಮೇಲು ಅಂತ ಅಜ್ಜಿ.