ಬಾತ್ ಸರ್ಕಾರ

(ಹಿಂದೂಪುರದ ಟೀ ಅಂಗಡಿ. ಕಲ್ಯಾಣದುರ್ಗದ ಬಸ್ಸಿನ ಸುಳಿವಿಲ್ಲ.)

ಮೇಷ್ಟ್ರು: 1746ರ ಫೆಬ್ರವರಿ. ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್, ಬಾತ್ ಪ್ರಭುವನ್ನು ಕರೆದು ಸರ್ಕಾರ ಕಟ್ಟು ಅಂದ. ನಡೆದದ್ದು ಎರಡೇ ದಿನ!

ಟೀಯವ: ನಮ್ಮ ವಾಂಗೀಬಾತೂ ಎರಡನೇ ದಿನಕ್ಕೆ ಹಳಸುತ್ತೆ ಬಿಡಿ. ಬಹುಮತ ಬರಲಿಲ್ವಾ?

ಮೇಷ್ಟ್ರು: ಅಷ್ಟು ದೂರ ಯಾಕೆ, ಮಂತ್ರಿಯಾಗೋರೇ ಸಿಗಲಿಲ್ಲ.

ಟೀಯವ: ಮಂತ್ರಿಗಿರಿ ಬೇಡ ಅನ್ನೋರಿರೋ ದೇಶವಾ! ನಮಗೊಂದು ಕಾಗದ ಹಾಕಿದ್ದರೆ ಬೆಲ್ಲದ ಮಂಡಿಯಿಂದಲೇ ಇಡೀ ಸಂಪುಟ ಕಳಿಸ್ತಿದ್ದೆವು.

ಮೇಷ್ಟ್ರು: ನಮ್ಮ ಆಂಧ್ರದ ನಾದೆಂಡ್ಲ ಭಾಸ್ಕರರಾವ್ 1984ರಲ್ಲಿ ಎನ್‌ಟಿಆರ್ ಅವರನ್ನು ಇಳಿಸಿ, ಮುಖ್ಯಮಂತ್ರಿಯಾಗಿ ಒಂದು ತಿಂಗಳು ತಳ್ಳಿದರಲ್ಲ.

ಟೀಯವ: ಗೊತ್ತು. ಎನ್‌ಟಿಆರ್ ಶಾಸಕರು ಆಗ ಇಲ್ಲೇ ಪಕ್ಕದ ನಂದಿಬೆಟ್ಟದಲ್ಲಿ ತಂಪಾಗಿದ್ದರು, ಪ್ರಜಾಪ್ರಭುತ್ವ ಉಳಿಸ್ತಾ. ನಾವು ಬಿಸಿಲಲ್ಲಿ ಹುಣಸೆ ಕುಟ್ತಾ ಇದ್ದೆವು.

ಮೇಷ್ಟ್ರು: ಮರುವರ್ಷ ಎನ್‌ಟಿಆರ್ ಅವರನ್ನು ಹಿಂದೂಪುರದಿಂದ ಗೆಲ್ಲಿಸಿದ್ದೂ ನೀವೇ!

ಟೀಯವ: ಕುಟ್ಟಿ ಸುಸ್ತಾಗಿತ್ತು ಸ್ವಾಮಿ. ಬೆಂಗಳೂರಿನ ಕಥೆ?

ಮೇಷ್ಟ್ರು: ಯಡಿಯೂರಪ್ಪ. 2007ರಲ್ಲಿ ಒಂದು ವಾರ. 2018ರಲ್ಲಿ ಮೇ 17ಕ್ಕೆ ಪ್ರಮಾಣವಚನ, 19ಕ್ಕೆ ರಾಜೀನಾಮೆ. ಬಾತ್ ಪ್ರಭುವಿನ ದಾಖಲೆಗೆ ಕೂದಲೆಳೆ ದೂರ.

ಟೀಯವ: ಅಲ್ಲೂ ಮಂತ್ರಿಯಾಗೋರು ಸಿಗಲಿಲ್ವಾ?

ಮೇಷ್ಟ್ರು: ಛೆ! ಕೈ ಎತ್ತೋರು ಸಿಗಲಿಲ್ಲ.

ಟೀಯವ: ಸರಿ, ಎರಡು ಟೀ, ಇಪ್ಪತ್ತು ರೂಪಾಯಿ. ಸರ್ಕಾರ ಬಿದ್ದರೂ ಇಲ್ಲಿ ಸಾಲಮನ್ನಾ ಇಲ್ಲ.